ಲೈನ್‌ಗೆ ಹೊರಟ ಗಾಡಿ ದಾರಿಯಲ್ಲಿ ಪಂಕ್ಚರ್ ಆದರೆ: ಕೊಡಗಿನ ರಸ್ತೆಗೆ ತಕ್ಕ ಹಾಗೆ

ನಾನು ಹನ್ನೊಂದು ವರ್ಷದಿಂದ ಲೈನ್ ಗಾಡಿ, ಅಂದರೆ ಊರೂರಿನ ಅಂಗಡಿಗಳಿಗೆ ಮಾಲು ಹಾಕುವ ಗಾಡಿ, ಓಡಿಸುತ್ತಿದ್ದೇನೆ. ಬೊಲೆರೊ ಪಿಕಪ್. ಕುಶಾಲನಗರದ ಗೋಡೌನ್‌ನಲ್ಲಿ ಬೆಳಿಗ್ಗೆ ಎಣ್ಣೆ, ಸಕ್ಕರೆ, ಬಿಸ್ಕತ್ತು, ಸೋಪು ತುಂಬಿಕೊಂಡರೆ ಒಂದು ದಿನ ಸುಂಟಿಕೊಪ್ಪ, ಮಡಿಕೇರಿ. ಇನ್ನೊಂದು ದಿನ ಸಿದ್ದಾಪುರ, ವಿರಾಜಪೇಟೆ. ಮತ್ತೊಂದು ದಿನ ಸೋಮವಾರಪೇಟೆ, ಶನಿವಾರಸಂತೆ. ವಾರಕ್ಕೊಮ್ಮೆ ಭಾಗಮಂಡಲ. ಅಂಗಡಿಯಿಂದ ಅಂಗಡಿಗೆ ಬಾಕ್ಸ್ ಇಳಿಸುವುದು, ಬಿಲ್ ಕೊಡುವುದು, ಹಳೇ ಬಾಕಿ ಕೇಳುವುದು, ಬೈಸಿಕೊಳ್ಳುವುದು. ಇದರ ನಡುವೆ ಪಂಕ್ಚರ್.

ಕಳೆದ ತಿಂಗಳು ನಮ್ಮಲ್ಲಿ ಹೊಸ ಹುಡುಗ ಸೇರಿದ. ಮೊದಲ ವಾರವೇ ಅವನ ಗಾಡಿಯ ಹಿಂದಿನ ಟೈರ್ ಹೋಯಿತು. ನನಗೆ ಫೋನ್ ಮಾಡಿದ. "ಅಣ್ಣ, ಗೊತ್ತಾದ ಕೂಡಲೇ ಅಲ್ಲೇ ನಿಲ್ಲಿಸಿಬಿಟ್ಟೆ. ತಿರುವಲ್ಲೇ ಇದ್ದೀನಿ. ಓಡಿಸಿದ್ರೆ ಟೈರ್ ಹಾಳಾಗುತ್ತೆ, ಓನರ್ ಸಂಬಳದಲ್ಲಿ ಹಿಡೀತಾರಲ್ವಾ?"

ಅವನ ಭಯ ಸುಳ್ಳಲ್ಲ. ನಾನು ಮೊದಲು ಕೆಲಸಕ್ಕಿದ್ದ ಕಡೆ ಒಂದು ಟೈರ್ ದುಡ್ಡನ್ನು ಮೂರು ತಿಂಗಳು ಹಿಡಿದುಕೊಂಡಿದ್ದರು. ಆದರೂ ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಟೈರ್ ಹೋದರೆ ಹೋಗಲಿ, ಮೊದಲು ಸಮ ಜಾಗಕ್ಕೆ ಬನ್ನಿ. ನಮ್ಮ ಜಿಲ್ಲೆಯಲ್ಲಿ ಟೈರ್ ಬಿಚ್ಚಿ ಹಾಕುವುದು ಅರ್ಧ ಗಂಟೆ ಕೆಲಸ. ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೇ ದೊಡ್ಡ ವಿಷಯ.

ಗೊತ್ತಾಗುವುದು ಹೇಗೆ

ಮುಂದಿನ ಟೈರ್ ಹೋದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಕೈಗೆ ಭಾರವಾಗುತ್ತದೆ. ಹಿಂದಿನದು ಹೋದರೆ ಸ್ಟೀರಿಂಗ್ ಸರಿಯಾಗೇ ಇರುತ್ತದೆ, ಆದರೆ ಗಾಡಿಯ ಬಾಲ ತೂಗುತ್ತದೆ. ಲೋಡ್ ಇದ್ದಾಗ ಇದು ಬೇಗ ಗೊತ್ತಾಗುತ್ತದೆ. ಖಾಲಿ ಗಾಡಿಯಲ್ಲಿ ಮಳೆಗೆ ಜಾರುತ್ತಿದೆ ಅಂದುಕೊಂಡು ಎರಡು ಕಿಲೋಮೀಟರ್ ಹೋಗಿರುತ್ತೇವೆ.

ಗೊತ್ತಾದಾಗ ಬ್ರೇಕ್ ಒತ್ತಬೇಡಿ. ಕಾಲು ಅದಾಗಿಯೇ ಬ್ರೇಕ್ ಕಡೆ ಹೋಗುತ್ತದೆ, ತಡೆಯಿರಿ. ಎಕ್ಸಲೇಟರ್ ಬಿಡಿ, ಸ್ಟೀರಿಂಗ್ ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ, ನಾಲ್ಕೂ ಇಂಡಿಕೇಟರ್ ಹಾಕಿ. ಇಳಿಜಾರಾದರೆ ಗೇರ್ ಒಂದೊಂದೇ ಇಳಿಸಿ, ಇಂಜಿನ್ನೇ ಗಾಡಿಯನ್ನು ಹಿಡಿಯಲಿ. ಸ್ಪೀಡ್ ನಡೆಯುವಷ್ಟಕ್ಕೆ ಬಂದ ಮೇಲೆ ಮೆಲ್ಲಗೆ ಬ್ರೇಕ್ ಮುಟ್ಟಬಹುದು.

ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬೇಡ

ತಿರುವಿನಲ್ಲಿ ಬೇಡ. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ತಿರುವಿಲ್ಲದ ಜಾಗವೇ ಕಡಿಮೆ, ಏನು ಮಾಡುವುದು? ತಿರುವು ದಾಟಿ, ಹಿಂದಿನಿಂದ ಬರುವ ಬಸ್ಸಿನವನಿಗೆ ನೀವು ದೂರದಿಂದ ಕಾಣುವಷ್ಟು ಮುಂದೆ ಹೋಗಿ. ಐವತ್ತು ಅರವತ್ತು ಹೆಜ್ಜೆ ನೇರ ರಸ್ತೆ ಸಿಕ್ಕರೂ ಸಾಕು.

ಮಳೆಗಾಲದಲ್ಲಿ ಬರೆಯ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ಗುಡ್ಡದ, ಕೆಳಗೆ ನಿಲ್ಲಿಸಬೇಡಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದಿದ್ದನ್ನು ನೋಡಿದವರಿಗೆ ಈ ಮಾತು ಹೇಳಬೇಕಾಗಿಲ್ಲ. ಆಮೇಲಿಂದ ನಾನು ಜೂನ್‌ನಿಂದ ಸೆಪ್ಟೆಂಬರ್ ತನಕ ಹಸಿ ಮಣ್ಣು ಕಾಣುವ ಬರೆಯ ಹತ್ತಿರ ಮೂತ್ರಕ್ಕೂ ನಿಲ್ಲಿಸುವುದಿಲ್ಲ. ಇನ್ನು ರಸ್ತೆಯ ಆಚೆ ಬದಿಯಲ್ಲಿ, ಪ್ರಪಾತದ ಕಡೆ, ಡಾಂಬರು ಬಿಟ್ಟು ಕೆಳಗೆ ಇಳಿಸಬೇಡಿ. ಹುಲ್ಲು ಹಸಿರಾಗಿ ಗಟ್ಟಿ ಇದ್ದ ಹಾಗೆ ಕಾಣುತ್ತದೆ. ಜಾಕ್ ಇಟ್ಟು ನಾಲ್ಕು ಸಲ ಒತ್ತಿದರೆ ಗಾಡಿ ಏಳುವ ಬದಲು ಜಾಕೇ ಮಣ್ಣಿನೊಳಗೆ ಇಳಿಯುತ್ತದೆ.

ಹಾಗಾದರೆ ಎಲ್ಲಿ? ನಮ್ಮಲ್ಲಿ ಒಳ್ಳೇ ಜಾಗ ಅಂದರೆ ತೋಟದ ಗೇಟ್. ಲಾರಿ ತಿರುಗಲಿ ಅಂತ ಅಲ್ಲಿ ಸಮ ಮಾಡಿ ಜಲ್ಲಿ ಹಾಕಿರುತ್ತಾರೆ. ಕರೆದರೆ ಕೇಳುವಷ್ಟು ದೂರದಲ್ಲಿ ತೋಟದ ಲೆಕ್ಕ ಬರೆಯುವ ರೈಟರೋ ವಾಚ್‌ಮನ್ನೋ ಇರುತ್ತಾರೆ. ಗೇಟ್‌ಗೆ ಅಡ್ಡ ಮಾತ್ರ ನಿಲ್ಲಿಸಬೇಡಿ. ಕಾಫಿ ಕೊಯ್ಲಿನ ಸಮಯದಲ್ಲಿ ಸಂಜೆ ಹಣ್ಣು ತುಂಬಿದ ಟ್ರ್ಯಾಕ್ಟರ್ ಬರುತ್ತದೆ, ಅವರಿಗೂ ಅವಸರ ಇರುತ್ತದೆ. ತೋಟದ ಗೇಟ್ ಸಿಗದಿದ್ದರೆ ಬಸ್ ತಂಗುದಾಣ, ಅಂಗಡಿ ಮುಂದೆ, ಹಾಲಿನ ಡೇರಿ ಮುಂದೆ.

ಕಾಡಿನ ರಸ್ತೆಯ ಲೆಕ್ಕವೇ ಬೇರೆ. ಕುಶಾಲನಗರ ದಾಟಿದ ಮೇಲೆ ಸಿಗುವ ಆನೆಕಾಡು, ಹುಣಸೂರು ಕಡೆಯಿಂದ ಬರುವಾಗ ಆನೆಚೌಕೂರಿನಿಂದ ತಿತಿಮತಿ ತನಕ, ಇಲ್ಲೆಲ್ಲ ಸಂಜೆ ಐದರ ಮೇಲೆ ಟೈರ್ ಹೋದರೆ ನಾನು ಇಳಿಯುವುದೇ ಇಲ್ಲ. ಮೊದಲನೇ ಗೇರ್, ಎರಡನೇ ಗೇರ್, ಅಷ್ಟರಲ್ಲೇ ಮನೆಗಳಿರುವ ಕಡೆ ಬರುವವರೆಗೆ ಹೋಗುತ್ತೇನೆ. ಟೈರ್ ಚಿಂದಿಯಾಗುತ್ತದೆ, ರಿಮ್ ಕೂಡ ಹೋಗಬಹುದು. ಗೊತ್ತು. ಆನೆ ಬಂದರೆ ಜಾಕ್ ಮೇಲೆ ನಿಂತ ಗಾಡಿಯನ್ನು ಓಡಿಸಿಕೊಂಡು ಹೋಗಲು ಆಗುತ್ತದಾ? ಸಿದ್ದಾಪುರದ ಸುತ್ತ ತೋಟದೊಳಗೇ ಆನೆ ಇರುತ್ತದೆ. ಅಲ್ಲಿ ಇಳಿಯುವ ಮುಂಚೆ ಯಾರನ್ನಾದರೂ "ಈಗ ಈ ಕಡೆ ಆನೆ ಉಂಟಾ?" ಅಂತ ಕೇಳಿ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಊರಿನವರಿಗೆ ಆ ದಿನದ ಸುದ್ದಿ ಪಕ್ಕಾ ಗೊತ್ತಿರುತ್ತದೆ.

ಕಲ್ಲು, ಸೊಪ್ಪು

ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್‌ನಲ್ಲಿ ಬಿಡಿ. ಆದರೆ ಗೇರ್‌ನಲ್ಲಿದೆ ಅಂತ ನಂಬಿ ಕೂರಬೇಡಿ. ಪಿಕಪ್‌ನಲ್ಲಿ ಇಂಜಿನ್ನಿನ ಹಿಡಿತ ಬರುವುದು ಹಿಂದಿನ ಚಕ್ರಗಳಿಗೆ. ಅದರಲ್ಲಿ ಒಂದನ್ನು ಜಾಕ್ ಹಾಕಿ ಎತ್ತಿದರೆ ಆ ಹಿಡಿತ ಮುಗಿಯಿತು. ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ನೆಲದ ಮೇಲಿರುವುದು ಉರುಳುತ್ತದೆ. ಅದಕ್ಕೇ ಕಲ್ಲು ಬೇಕು. ಇಳಿಜಾರು ಯಾವ ಕಡೆಗಿದೆಯೋ ಆ ಕಡೆಯಿಂದ, ನೆಲದ ಮೇಲಿರುವ ಚಕ್ರಗಳಿಗೆ ಒದ್ದು ಕೂರಿಸಿ. ಒಂದಲ್ಲ, ಎರಡು ಚಕ್ರಕ್ಕೆ.

ತ್ರಿಕೋನದ ಬೋರ್ಡ್ ಇದ್ದರೆ ಹಿಂದೆ ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ, ತಿರುವಿದ್ದರೆ ತಿರುವಿನ ಆಚೆಗೆ ಇಡಿ. ಮಂಜು ಬಿದ್ದಾಗ ಇನ್ನೂ ದೂರ. ಬೋರ್ಡ್ ಇಲ್ಲದಿದ್ದರೆ ಸೊಪ್ಪು ಮುರಿದು ರಸ್ತೆಗೆ ಹಾಕಿ, ಘಟ್ಟದ ಡ್ರೈವರ್‌ಗಳಿಗೆ ಆ ಭಾಷೆ ಅರ್ಥವಾಗುತ್ತದೆ. ಬೇಲಿ ಬದಿಯ ಲಂಟಾನ ಮುರಿಯಿರಿ, ಕಾಫಿ ಗಿಡ ಮುಟ್ಟಬೇಡಿ. ನಾನೊಮ್ಮೆ ಕತ್ತಲಲ್ಲಿ ಗೊತ್ತಾಗದೆ ಕಾಯಿ ಇದ್ದ ಕಾಫಿ ರೆಕ್ಕೆ (ಕೊಂಬೆ) ಮುರಿದು ಹಾಕಿ, ತೋಟದ ಯಜಮಾನರ ಕೈಯಲ್ಲಿ ಸಿಕ್ಕಿಬಿದ್ದಿದ್ದೆ. ಪಂಕ್ಚರ್‌ಗಿಂತ ಆ ಮಾತು ಜಾಸ್ತಿ ಹೊತ್ತು ಹಿಡಿಯಿತು.

ಸ್ಟೆಪ್ನಿ ಇಳಿಯದಿದ್ದರೆ

ಈ ಪಾಠ ನಾನು ಕಲಿತಿದ್ದು ಬೆಟ್ಟಗೇರಿ ದಾಟಿ ಚೇರಂಬಾಣೆಗೆ ಹೋಗುವಾಗ. ಜುಲೈ ತಿಂಗಳು, ಸಂಜೆ ನಾಲ್ಕು ಗಂಟೆಗೇ ಕತ್ತಲು. ಹಿಂದಿನ ಎಡಗಡೆ ಟೈರ್. ಒಳ್ಳೇ ಜಾಗ ಸಿಕ್ಕಿತ್ತು, ಕಲ್ಲೂ ಇಟ್ಟಿದ್ದೆ, ನಟ್ಟೂ ಸಡಿಲ ಮಾಡಿದ್ದೆ. ಪಿಕಪ್‌ನ ಸ್ಟೆಪ್ನಿ ಇರುವುದು ಹಿಂದೆ, ಬಾಡಿಯ ಅಡಿಯಲ್ಲಿ, ಚೈನ್‌ನಲ್ಲಿ ನೇತಾಡಿಕೊಂಡು. ರಾಡ್ ತೂರಿಸಿ ತಿರುಗಿಸಿದರೆ ಚೈನ್ ಬಿಚ್ಚಿಕೊಂಡು ಕೆಳಗೆ ಬರಬೇಕು. ತಿರುಗಿಸಿದೆ, ಬರಲಿಲ್ಲ. ಮೂರು ಮಳೆಗಾಲದ ಕೆಸರು, ತುಕ್ಕು ಎಲ್ಲ ಸೇರಿ ಅದು ಒಂದೇ ಮುದ್ದೆ ಕಬ್ಬಿಣ ಆಗಿತ್ತು. ಅಡಿಗೆ ಮಲಗಿ ಸ್ಪ್ಯಾನರ್‌ನಲ್ಲಿ ಹೊಡೆದೆ. ಕಣ್ಣಿಗೆ ತುಕ್ಕು ಉದುರಿತು, ಅಷ್ಟೇ.

ತೋಟದ ಕೆಲಸಗಾರರ ಲೈನ್ ಮನೆ ಕಡೆಯಿಂದ ವಯಸ್ಸಾದವರೊಬ್ಬರು ಮಳೆಗೆ ಗೊರಬೆ ಹೊದ್ದುಕೊಂಡು ಬಂದರು. ನೋಡಿದರು. ಏನೂ ಕೇಳಲಿಲ್ಲ. ವಾಪಸ್ ಹೋಗಿ ಕಾಲು ಬಾಟಲಿ ಸೀಮೆಎಣ್ಣೆ ತಂದರು. ಅದನ್ನು ಚೈನ್ ಸುತ್ತಿದ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟು, "ಈಗ ಸುಮ್ನೆ ಕೂತ್ಕೊ ಮಗ, ಎಳೀಬೇಡ" ಅಂದರು. ಇಪ್ಪತ್ತು ನಿಮಿಷ ಇಬ್ಬರೂ ಕ್ಯಾಬಿನ್‌ನಲ್ಲಿ ಕೂತಿದ್ದೆವು. ಆಮೇಲೆ ರಾಡನ್ನು ಬಿಚ್ಚುವ ಕಡೆಗೆ ಅಲ್ಲ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ತಿರುಗಿಸಲು ಹೇಳಿದರು. ಟಕ್ ಅಂತ ಶಬ್ದ ಬಂತು. ನಂತರ ಬಿಚ್ಚುವ ಕಡೆಗೆ ತಿರುಗಿಸಿದರೆ ಸಲೀಸಾಗಿ ಇಳಿಯಿತು. ಇಳಿದ ಸ್ಟೆಪ್ನಿಯನ್ನು ಒತ್ತಿ ನೋಡಿದರೆ ಅದರಲ್ಲಿ ಗಾಳಿ ಅರ್ಧ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಗಾಡಿ ತೊಳೆಯುವಾಗ ಸ್ಟೆಪ್ನಿ ಕೆಳಗಿಳಿಸುತ್ತೇನೆ. ಚೈನ್‌ಗೆ ಗ್ರೀಸ್, ಟೈರ್‌ಗೆ ಗಾಳಿ. ಹಿಂದಿನ ಟೈರ್‌ಗೆ ಲೋಡ್ ಇದ್ದಾಗ ಎಷ್ಟು ಗಾಳಿ ಬೇಕೋ ಅಷ್ಟನ್ನು ಸ್ಟೆಪ್ನಿಗೂ ಹಿಡಿಸಿ. ಮುಂದಿನ ಚಕ್ರಕ್ಕೆ ಹಾಕಬೇಕಾಗಿ ಬಂದರೆ ಸ್ವಲ್ಪ ಬಿಡಬಹುದು. ಕಮ್ಮಿ ಇದ್ದರೆ ಗುಡ್ಡದ ಮೇಲೆ ಎಲ್ಲಿಂದ ತುಂಬುತ್ತೀರಿ?

ನಟ್ಟು ಮತ್ತು ಜಾಕ್

ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡಿ. ಎತ್ತಿದ ಮೇಲೆ ಬಿಗಿ ನಟ್ಟಿಗೆ ಬಲ ಹಾಕಿದರೆ ಗಾಡಿ ಜಾಕ್‌ನಿಂದ ಜಾರುತ್ತದೆ. ಪೂರ್ತಿ ಬಿಚ್ಚಬೇಡಿ, ಅರ್ಧ ಸುತ್ತು ಸಾಕು. ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್ ಹಿಡಿದು ಬಿಗಿ ಮಾಡಿದ ನಟ್ಟು ಗಾಡಿಯ ಜೊತೆ ಕೊಟ್ಟ ಸ್ಪ್ಯಾನರ್‌ಗೆ ಬಗ್ಗುವುದಿಲ್ಲ. ಅದಕ್ಕೆ ನಾನು ಎರಡು ಅಡಿ ಉದ್ದದ ಕಬ್ಬಿಣದ ಪೈಪ್ ಇಟ್ಟುಕೊಂಡಿದ್ದೇನೆ. ಸ್ಪ್ಯಾನರ್ ಹಿಡಿಗೆ ತೂರಿಸಿ, ಹಿಡಿ ನಿಮ್ಮ ಎಡಕ್ಕೆ ಅಡ್ಡಲಾಗಿ ಬರುವ ಹಾಗೆ ಇಟ್ಟು, ಕೆಳಗೆ ಒತ್ತಿ. ಮೇಲೆ ಹತ್ತಿ ಕುಣಿಯಬೇಡಿ, ಸ್ಪ್ಯಾನರ್ ಹಾರಿ ಮೊಣಕಾಲಿಗೆ ಬಡಿಯುತ್ತದೆ.

ಜಾಕ್ ಅಡಿಗೆ ಹಲಗೆ ಇಡಿ. ನನ್ನದು ಹಲಸಿನ ಮರದ್ದು, ಒಂದು ಅಡಿ ಅಗಲ, ಎರಡು ಇಂಚು ದಪ್ಪ. ಹಿಂದಿನ ಚಕ್ರಕ್ಕಾದರೆ ಜಾಕ್ ಆಕ್ಸಲ್ ಅಡಿಗೆ, ಚಕ್ರಕ್ಕೆ ಹತ್ತಿರವಾಗಿ ಕೂರಬೇಕು. ನಡುವಿನ ಗುಂಡಗಿನ ಹೌಸಿಂಗ್‌ಗೆ ಕೊಡಬೇಡಿ. ಮುಂದಿನ ಚಕ್ರಕ್ಕೆ ಜಾಗ ಬೇರೆ, ಗಾಡಿಯ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಪಂಕ್ಚರ್ ಆಗುವ ಮುಂಚೆಯೇ ಒಮ್ಮೆ ನೋಡಿಕೊಳ್ಳಿ. ಲೋಡ್ ಇಳಿಸಬೇಕಾ ಅಂತ ಕೇಳುತ್ತಾರೆ. ಒಳ್ಳೇ ಬಾಟಲ್ ಜಾಕ್ ಇದ್ದು ನೆಲ ಸಮ ಇದ್ದರೆ ನಾನು ಇಳಿಸುವುದಿಲ್ಲ. ನೆಲ ಓರೆ ಇದ್ದು ಎಣ್ಣೆ ಡಬ್ಬ ತುಂಬಿದ್ದರೆ ಹಿಂದಿನ ನಾಲ್ಕು ಸಾಲು ಇಳಿಸಿ ಟಾರ್ಪಾಲ್ ಮುಚ್ಚುತ್ತೇನೆ. ಎಣ್ಣೆ ಅಲ್ಲಾಡುತ್ತದೆ, ಸಕ್ಕರೆ ಮೂಟೆ ಅಲ್ಲಾಡುವುದಿಲ್ಲ.

ಗಾಡಿ ಎದ್ದ ಕೂಡಲೇ ಸ್ಟೆಪ್ನಿಯನ್ನು ಚಾಸಿಸ್ ಅಡಿಗೆ ಮಲಗಿಸಿ ತಳ್ಳಿ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಕೈ ಮೇಲೆ ಅಲ್ಲ. ಹೋದ ಚಕ್ರ ಬಿಚ್ಚಿದ ಮೇಲೆ ಅದನ್ನು ಅಡಿಗೆ ಹಾಕಿ ಸ್ಟೆಪ್ನಿ ಹೊರಗೆ ತೆಗೆಯಿರಿ.

ಬಿಚ್ಚಿದ ನಟ್ಟುಗಳನ್ನು ಜೇಬಿಗೆ ಹಾಕಿ. ರಸ್ತೆಯಲ್ಲಿ ಇಡಬೇಡಿ. ಒಮ್ಮೆ ಮಳೆ ನೀರು ನನ್ನ ಮೂರು ನಟ್ಟುಗಳನ್ನು ಕಣ್ಣೆದುರೇ ಚರಂಡಿಗೆ ಉರುಳಿಸಿಕೊಂಡು ಹೋಯಿತು. ಒಂದು ಸಿಕ್ಕಿತು, ಎರಡು ಸಿಗಲಿಲ್ಲ. ಹಾಗೆ ಆದರೆ ಹೆದರಬೇಡಿ. ನನ್ನ ಪಿಕಪ್‌ನ ಚಕ್ರಕ್ಕೆ ಐದು ನಟ್ಟು. ಉಳಿದ ಮೂರು ಚಕ್ರದಿಂದ ಒಂದೊಂದು ಬಿಚ್ಚಿದರೆ ಮೂರು ನಟ್ಟು ಸಿಗುತ್ತದೆ. ಒಂದಕ್ಕೊಂದು ದೂರ ಇರುವ ಹಾಗೆ ಹಾಕಿ, ನಿಧಾನ ಓಡಿಸಿ, ಮೊದಲು ಸಿಕ್ಕ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಲ್ಲಿಸಿ.

ಹಾಕುವಾಗ ನಟ್ಟಿನ ಓರೆ ಇರುವ ಮುಖ ಚಕ್ರದ ಕಡೆಗೆ. ಐದನ್ನೂ ಮೊದಲು ಬೆರಳಲ್ಲೇ ತಿರುಗಿಸಿ. ಸ್ಪ್ಯಾನರ್ ಹಿಡಿದ ಮೇಲೆ ಪಕ್ಕಪಕ್ಕದ್ದು ಬಿಗಿ ಮಾಡಬೇಡಿ, ಒಂದು ಬಿಟ್ಟು ಒಂದು. ನಕ್ಷತ್ರ ಬರೆದ ಹಾಗೆ. ಪೂರ್ತಿ ಬಿಗಿ ಮಾಡುವುದು ಗಾಡಿ ನೆಲಕ್ಕೆ ಇಳಿದ ಮೇಲೆ. ಮತ್ತೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಆದಾಗ ನಿಲ್ಲಿಸಿ ಇನ್ನೊಮ್ಮೆ ನೋಡಿ. ನಾನು ಟೀ ಕುಡಿಯುವ ನೆಪದಲ್ಲಿ ನೋಡುತ್ತೇನೆ. ಹತ್ತರಲ್ಲಿ ಮೂರು ಸಲವಾದರೂ ಒಂದು ನಟ್ಟು ಕಾಲು ಸುತ್ತು ತಿರುಗುತ್ತದೆ.

ಹೊರಡುವ ಮುಂಚೆ ಕಲ್ಲು ತೆಗೆದು ಚರಂಡಿ ಆಚೆ ಹಾಕಿ, ಸೊಪ್ಪೂ ಎಳೆದು ಹಾಕಿ. ಚಕ್ರಕ್ಕೆ ಇಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ರಾತ್ರಿ ಮಂಜಿನಲ್ಲಿ ಬೈಕಿನವನಿಗೆ ಅದು ಕಾಣುತ್ತದಾ?

ಜಿಗಣೆ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ರಸ್ತೆ ಬದಿ ಹುಲ್ಲಿನಲ್ಲಿ ಹತ್ತು ನಿಮಿಷ ಮೊಣಕಾಲೂರಿದರೆ ಸಾಕು. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಪೊಟ್ಟಣ ಉಪ್ಪು ಇರಲಿ. ಕೆಲಸ ಮಾಡುವಾಗ ಹುಲ್ಲಿನ ಮೇಲೆ ಗೋಣಿಚೀಲ ಹಾಸಿಕೊಳ್ಳಿ.

ಫೋನ್, ಅಂಗಡಿ, ಓನರ್

ಗಾಡಿ ಸುರಕ್ಷಿತವಾಗಿ ನಿಂತ ಮೇಲೆ, ಜಾಕ್ ಕೈಗೆತ್ತಿಕೊಳ್ಳುವ ಮುಂಚೆ ಫೋನ್ ಮಾಡಿ. ಮೊದಲು ಮುಂದಿನ ಅಂಗಡಿಗೆ, ಆಮೇಲೆ ಓನರ್‌ಗೆ. ಅಂಗಡಿಯವರು ಕಾಯುತ್ತಿರುತ್ತಾರೆ. "ಅಕ್ಕ, ಟೈರ್ ಹೋಗಿದೆ, ಒಂದು ಗಂಟೆ ಲೇಟಾಗುತ್ತೆ" ಅಂದರೆ ಯಾರೂ ಸಿಟ್ಟಾಗುವುದಿಲ್ಲ. ಹೇಳದೆ ಲೇಟಾದರೆ ಮುಂದಿನ ವಾರದ ಆರ್ಡರ್ ಬೇರೆ ಗಾಡಿಗೆ ಹೋಗುತ್ತದೆ. ಓನರ್‌ಗೆ ಟೈರ್ ಫೋಟೊ ಕಳಿಸಿ, ಮೊಳೆ ಕಂಡರೆ ಮೊಳೆಯದ್ದೂ. ಕಾಡಿನ ಬದಿಯಲ್ಲಿ ಸಿಕ್ಕಿಕೊಂಡು ಗಾಳಿ ಹೋದ ಟೈರ್ ಮೇಲೆ ಓಡಿಸಿದ್ದರೆ ಅದನ್ನೂ ಆಗಲೇ ಹೇಳಿ, ಸಂಜೆಗೆ ಇಟ್ಟುಕೊಳ್ಳಬೇಡಿ. ಹೊಸದಾಗಿ ಸೇರುವವರು ಮೊದಲ ದಿನವೇ ಕೇಳಿಬಿಡಿ: ಪಂಕ್ಚರ್ ಯಾರ ಖಾತೆಗೆ, ಟೈರ್ ಯಾರ ಖಾತೆಗೆ. ಕೇಳಲು ನಾಚಿಕೆ ಆಗುತ್ತದೆ, ನಿಜ. ನನಗೂ ಆಗಿತ್ತು, ಅದಕ್ಕೇ ಮೂರು ತಿಂಗಳು ಸಂಬಳ ಕಟ್ ಆಯಿತು.

ಕರಿಕೆ ರಸ್ತೆ, ಮಾಕುಟ್ಟ ಘಟ್ಟ, ಗಾಳಿಬೀಡು ಕಡೆಯೆಲ್ಲ ಸಿಗ್ನಲ್ ನಂಬುವ ಹಾಗಿಲ್ಲ. ಎದುರಿಗೆ ಬರುವ ಬಸ್ಸಿನ ಕಂಡಕ್ಟರ್‌ಗೆ ನಂಬರ್ ಬರೆದುಕೊಡಿ, ಸಿಗ್ನಲ್ ಸಿಕ್ಕ ಕಡೆ ಫೋನ್ ಮಾಡುತ್ತಾರೆ. ಅಪಾಯ ಅನಿಸಿದರೆ 112. ಗಾಡಿ ತುಂಬ ಮಾಲು ಇರುವಾಗ ಚಕ್ರ ಹೊತ್ತುಕೊಂಡು ನೀವೇ ಪಂಕ್ಚರ್ ಅಂಗಡಿಗೆ ಹೋಗಬೇಡಿ. ಕಲೆಕ್ಷನ್ ದುಡ್ಡಂತೂ ಮೈಮೇಲೇ ಇರಲಿ.

ಪಂಕ್ಚರ್ ಅಂಗಡಿಯಲ್ಲಿ

ಸ್ಟೆಪ್ನಿ ಹಾಕಿಕೊಂಡು ಲೈನ್ ಮುಗಿಸಿ ನಾಳೆ ನೋಡೋಣ ಅನಿಸುತ್ತದೆ. ಬೇಡ. ಈಗ ನಿಮ್ಮ ಹತ್ತಿರ ಇನ್ನೊಂದು ಸ್ಟೆಪ್ನಿ ಇಲ್ಲ. ಮೊದಲು ಸಿಕ್ಕ ಅಂಗಡಿಯಲ್ಲೇ ಹಾಕಿಸಿ.

ಗಾಳಿ ಹೋದ ಟೈರ್ ಮೇಲೆ ಓಡಿಸಿದ್ದರೆ ರಿಮ್‌ನಿಂದ ಬಿಚ್ಚಿ ಒಳಗೆ ನೋಡಲು ಹೇಳಿ. ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದ್ದರೆ ಟೈರಿನ ಪಕ್ಕದ ಗೋಡೆ ಸವೆದಿದೆ ಅಂತ ಅರ್ಥ. ಅದಕ್ಕೆ ಪ್ಯಾಚ್ ಹಾಕಿಸಿ ದುಡ್ಡು ಕಳೆಯಬೇಡಿ, ಲೋಡ್‌ನಲ್ಲಿ ಅದು ಒಡೆಯುತ್ತದೆ. ನೆಲಕ್ಕೆ ತಾಗುವ ಭಾಗದಲ್ಲಿ ಸಣ್ಣ ಮೊಳೆ ತೂತಾದರೆ ಒಳಗಿನಿಂದ ಹಾಕುವ, ಅಣಬೆ ಆಕಾರದ ಮಶ್ರೂಮ್ ಪ್ಯಾಚ್ ಒಳ್ಳೆಯದು. ಹೊರಗಿನಿಂದ ತುರುಕುವ ರಬ್ಬರ್ ದಾರ ಆ ದಿನದ ಮಟ್ಟಿಗೆ ಸರಿ.

ನಮ್ಮ ಕಡೆ ಏನೇನು ಚುಚ್ಚುತ್ತದೆ ಅಂದರೆ, ಮಳೆಗಾಲದ ಗಾಳಿಗೆ ಹಾರಿದ ಶೀಟಿನ ಮೊಳೆ, ಬೇಲಿಯ ಮುಳ್ಳುತಂತಿ ತುಂಡು, ಹೊಸದಾಗಿ ಹಾಕಿದ ಜಲ್ಲಿ. ಒದ್ದೆ ರಬ್ಬರ್ ಬೇಗ ಕುಯ್ದು ಹೋಗುತ್ತದೆ, ಅದಕ್ಕೇ ಮಳೆಯಲ್ಲಿ ಪಂಕ್ಚರ್ ಜಾಸ್ತಿ. ಹುತ್ತರಿ, ಕೈಲ್‌ಪೊಳ್ದ್ ಹಬ್ಬದ ದಿನ ಹಳ್ಳಿ ಕಡೆ ಅಂಗಡಿ ಬಾಗಿಲು ಹಾಕಿರುತ್ತದೆ. ಮಡಿಕೇರಿ ದಸರಾದ ದಶಮಂಟಪದ ಮೆರವಣಿಗೆಯ ರಾತ್ರಿ ಊರೊಳಗೆ ಗಾಡಿಯೇ ಹೋಗುವುದಿಲ್ಲ. ಆ ದಿನಗಳಲ್ಲಿ ಹೊರಡುವ ಮುಂಚೆ ಟೈರ್ ಎರಡು ಸಲ ನೋಡಿ.

ಬೈಕಿನಲ್ಲಿ ಪಾರ್ಸೆಲ್ ಕೊಡುವ ಹುಡುಗರಿಗೆ ಇಷ್ಟೇ. ಟ್ಯೂಬ್‌ಲೆಸ್ ಆದರೆ ದಾರದ ಕಿಟ್, ಕೈ ಪಂಪ್ ಸೀಟಿನಡಿ ಇರಲಿ. ಕಿಟ್ ಕೈಯಲ್ಲಿ ಇಲ್ಲದೆ ಮೊಳೆ ಕೀಳಬೇಡಿ, ಮೊಳೆಯೇ ಗಾಳಿ ಹಿಡಿದುಕೊಂಡಿರುತ್ತದೆ. ದಾರ ತುರುಕಿದ ಮೇಲೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದರೆ ಇನ್ನೊಂದು ದಾರ.

ಕೊನೆಗೆ ಕೈ. ಗ್ರೀಸ್, ತುಕ್ಕು, ಕೆಸರು ಎಲ್ಲ ಮೆತ್ತಿರುತ್ತದೆ. ನೀರಿಗೆ ಹೋಗುವುದಿಲ್ಲ. ಒಂದು ಚಮಚ ಸಕ್ಕರೆ, ಎರಡು ಹನಿ ಅಡುಗೆ ಎಣ್ಣೆ ಅಂಗೈಯಲ್ಲಿ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಮೂರನ್ನೂ ಸಣ್ಣ ಡಬ್ಬದಲ್ಲಿ ನಿಮ್ಮದೇ ಇಟ್ಟುಕೊಳ್ಳಿ, ಲೋಡ್ ಬಿಚ್ಚಬೇಡಿ. ಇಲ್ಲದಿದ್ದರೆ ಬಿಲ್ ಮೇಲೆಲ್ಲ ಕಪ್ಪು ಹೆಬ್ಬೆಟ್ಟು ಬೀಳುತ್ತದೆ. ಚೇರಂಬಾಣೆಯ ಅಂಗಡಿ ಅಕ್ಕ ಆ ಜುಲೈ ತಿಂಗಳ ಬಿಲ್ಲನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಹೋದಾಗಲೆಲ್ಲ ತೆಗೆದು ತೋರಿಸಿ, "ಇವತ್ತು ಕೈ ತೊಳ್ಕೊಂಡು ಬಂದಿದ್ದೀಯಾ?" ಅಂತ ಕೇಳುತ್ತಾರೆ.